ಕರ್ನಾಟಕ ಫುಟ್‌ಬಾಲ್ ತಂಡ

ಕರ್ನಾಟಕ ಫುಟ್‌ಬಾಲ್ ತಂಡವು ಸಂತೋಷ್ ಟ್ರೋಫಿ ಎಂದು ಪ್ರಸಿದ್ಧವಾಗಿರುವ ಭಾರತದ ರಾಷ್ಟ್ರೀಯ ಫುಟ್‌ಬಾಲ್ ಚಾಂಪಿಯನ್‌ಶಿಪ್‌ನಲ್ಲಿ ಕರ್ನಾಟಕ ರಾಜ್ಯವನ್ನು ಪ್ರತಿನಿಧಿಸುವ ತಂಡ. 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬರುವವರೆಗೆ ಇದು ಮೈಸೂರು ತಂಡವಾಗಿ ಆಡುತ್ತಿತ್ತು. ತಂಡವು 1946–47, 1952–53, 1967–68, 1968–69 ಮತ್ತು 2022–23ರಲ್ಲಿ ಒಟ್ಟು ಐದು ಬಾರಿ ಪ್ರಶಸ್ತಿ ಗೆದ್ದಿದೆ. ಮೊದಲ ನಾಲ್ಕು ಅಂತಿಮ ಪಂದ್ಯಗಳಲ್ಲಿಯೂ ಎದುರಾಳಿಯಾಗಿದ್ದುದು ಬಂಗಾಳ. ಐದು ಗೆಲುವುಗಳೂ ಒಂದೇ ಗೋಲಿನ ಅಂತರದವು.

ಹೆಸರಿಗೆ ಇದು ರಾಜ್ಯದ ತಂಡವಾದರೂ ಬಹುಕಾಲ ಇದರ ಬೇರುಗಳು ಬೆಂಗಳೂರಿನ ದಂಡು ಪ್ರದೇಶ ಮತ್ತು ಅದರ ಪೂರ್ವದ ಬಡಾವಣೆಗಳಲ್ಲಿದ್ದವು. ಸೋಲಿನ ಅಂಚಿನಿಂದ ಹಿಂದಿರುಗಿದ ಪಂದ್ಯಗಳು, ಮರುಪಂದ್ಯದಲ್ಲಿ ದೊರೆತ ಪ್ರಶಸ್ತಿಗಳು ಮತ್ತು 54 ವರ್ಷಗಳ ಬಳಿಕ ಮರಳಿ ಬಂದ ಟ್ರೋಫಿ ಈ ಬಡಾವಣೆಗಳ ಅಭಿಮಾನಿಗಳ ನೆನಪಿನಲ್ಲಿ ಪ್ರಮುಖ ಸ್ಥಾನ ಪಡೆದಿವೆ.

ಹಿನ್ನೆಲೆ

ಬ್ರಿಟಿಷರು 1809ರಲ್ಲಿ ಹಲಸೂರಿನ ಸಮೀಪ ಸೇನಾ ನೆಲೆಯನ್ನು ಸ್ಥಾಪಿಸಿದರು. ಕೋಟೆ ಮತ್ತು ಪೇಟೆಗಳಿದ್ದ ಹಳೆಯ ಬೆಂಗಳೂರಿಗಿಂತ ಭಿನ್ನವಾಗಿ ಬೆಳೆದ ಈ ಭಾಗವನ್ನು ಜನರು ದಂಡು ಎಂದು ಕರೆದರು. ಸೇನೆಯೊಂದಿಗೆ ಬಂದ ತಮಿಳು ಮತ್ತು ತೆಲುಗು ಭಾಷಿಕರು, ದಖನಿ ಉರ್ದು ಮಾತನಾಡುವ ಮುಸ್ಲಿಮರು ಹಾಗೂ ಆಂಗ್ಲೋ ಇಂಡಿಯನ್ನರು ಇಲ್ಲಿ ನೆಲೆಸಿದರು. ಶಿವಾಜಿನಗರ, ಹಲಸೂರು, ಗೌತಮಪುರ, ಮರ್ಫಿ ಟೌನ್, ಆಸ್ಟಿನ್ ಟೌನ್, ಕಾಕ್ಸ್ ಟೌನ್ ಮುಂತಾದ ಬಡಾವಣೆಗಳು ಹೀಗೆ ರೂಪುಗೊಂಡವು.

ಬ್ರಿಟಿಷ್ ರೆಜಿಮೆಂಟುಗಳು ಪೆರೇಡ್ ಮೈದಾನಗಳಲ್ಲಿ ಆಡುತ್ತಿದ್ದ ಫುಟ್‌ಬಾಲ್ ಕ್ರಮೇಣ ಸುತ್ತಲಿನ ಜನರ ಆಟವಾಯಿತು. ಕಡಿಮೆ ಖರ್ಚಿನಲ್ಲಿ, ಬರಿಗಾಲಿನಲ್ಲಿ, ಇಕ್ಕಟ್ಟಾದ ಬಯಲುಗಳಲ್ಲಿಯೂ ಆಡಬಹುದಾದ ಕಾರಣ ಅದು ಕಾರ್ಮಿಕ ಕುಟುಂಬಗಳಲ್ಲಿ ಬೇರೂರಿತು. ಹಲಸೂರಿನ ಬಳಿಯ ಆರ್‌ಬಿಎಎನ್‌ಎಂಎಸ್ ಮೈದಾನವು ಸ್ಥಳೀಯ ಪಂದ್ಯಗಳ ಕೇಂದ್ರಗಳಲ್ಲಿ ಒಂದು. ಹಲಸೂರಿನಲ್ಲಿ ನೆಲೆಯಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್ ನಗರದ ಲೀಗ್‌ಗೆ ಸೇನೆಯ ತಂಡವೊಂದನ್ನು ಒದಗಿಸಿತು.

ರಾಜ್ಯ ತಂಡವು ರೂಪುಗೊಳ್ಳುವ ಮೊದಲೇ ಈ ಪ್ರದೇಶದ ಒಂದು ಕ್ಲಬ್ ದೇಶದ ಗಮನ ಸೆಳೆದಿತ್ತು. ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಆರಂಭವಾದಂದಿನಿಂದ ಬ್ರಿಟಿಷ್ ಸೇನಾ ತಂಡಗಳ ಕೈಯಲ್ಲಿತ್ತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಕಲ್ಕತ್ತೆಯ ಮೊಹಮ್ಮದನ್ ಸ್ಪೋರ್ಟಿಂಗ್ ತಂಡವನ್ನು 1–0ರಿಂದ ಸೋಲಿಸಿ ಆ ಕಪ್ ಗೆದ್ದ ಮೊದಲ ಭಾರತೀಯ ತಂಡವೆನಿಸಿತು. ಮರುವರ್ಷ ಬ್ರಿಟಿಷ್ ರೆಜಿಮೆಂಟಿನ ತಂಡವೊಂದನ್ನು ಮಣಿಸಿ ಪ್ರಶಸ್ತಿಯನ್ನು ಉಳಿಸಿಕೊಂಡಿತು. ಹತ್ತು ವರ್ಷಗಳ ಅಂತರದ ನಂತರ, 1948ರಲ್ಲಿ, ಮೋಹನ್ ಬಾಗಾನ್ ವಿರುದ್ಧ ಗೆದ್ದು ಮೂರನೆಯ ಬಾರಿ ಕಪ್ ಪಡೆಯಿತು.

ಸಂತೋಷ್ ಟ್ರೋಫಿ ಮತ್ತು ಮರುಪಂದ್ಯದ ನಿಯಮ

ಸಂತೋಷ್ ಟ್ರೋಫಿ 1941ರಲ್ಲಿ ಆರಂಭವಾಯಿತು. ಬಂಗಾಳದ ಫುಟ್‌ಬಾಲ್ ಸಂಸ್ಥೆಯಾದ ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್‌ನ ಅಧ್ಯಕ್ಷರಾಗಿದ್ದ, ಸಂತೋಷ್ ಎಂಬ ಜಮೀನ್ದಾರಿಯ ಮಹಾರಾಜ ಮನ್ಮಥನಾಥ್ ರಾಯ್ ಚೌಧುರಿ ಅವರ ಸ್ಮರಣಾರ್ಥ ಆ ಹೆಸರನ್ನು ಇಡಲಾಗಿದೆ. ಪ್ರಾಂತ್ಯ ಮತ್ತು ಸಂಸ್ಥಾನಗಳ ತಂಡಗಳು ಇದರಲ್ಲಿ ಸ್ಪರ್ಧಿಸುತ್ತಿದ್ದವು. ಕಲ್ಕತ್ತೆಯ ದೊಡ್ಡ ಕ್ಲಬ್‌ಗಳ ಆಟಗಾರರನ್ನು ಒಳಗೊಂಡಿದ್ದ ಬಂಗಾಳವೇ ಆರಂಭದಿಂದಲೂ ಬಲಿಷ್ಠ ತಂಡವಾಗಿತ್ತು.

ಆ ಕಾಲದಲ್ಲಿ ಪಂದ್ಯವನ್ನು ನಿರ್ಣಯಿಸಲು ಪೆನಾಲ್ಟಿ ಶೂಟೌಟ್ ಇರಲಿಲ್ಲ. ಅಂತರರಾಷ್ಟ್ರೀಯ ನಿಯಮಗಳಲ್ಲಿ ಅದು ಸೇರಿದ್ದು 1970ರಲ್ಲಿ. ಅಂತಿಮ ಪಂದ್ಯ ಸಮಬಲದಲ್ಲಿ ಮುಗಿದರೆ ಬೇರೊಂದು ದಿನ ಎರಡೂ ತಂಡಗಳು ಮತ್ತೆ ಮೊದಲಿನಿಂದ ಆಡಬೇಕಾಗಿತ್ತು. ಮೊದಲ ದಿನ ಗೆಲುವಿಗೆ ಅವಕಾಶವಿಲ್ಲದಂತೆ ಒತ್ತಡಕ್ಕೆ ಸಿಲುಕಿದ ತಂಡವೂ ಗೋಲು ಬಿಟ್ಟುಕೊಡದೆ ಉಳಿದರೆ ಅದಕ್ಕೆ ಇನ್ನೊಂದು ದಿನ ದೊರೆಯುತ್ತಿತ್ತು. ಆದುದರಿಂದ ಮೈಸೂರು ತಂಡದ ಹಳೆಯ ಪುನರಾಗಮನಗಳನ್ನು ತೊಂಬತ್ತು ನಿಮಿಷಗಳ ಲೆಕ್ಕದಲ್ಲಷ್ಟೇ ನೋಡಲಾಗದು. ಅವುಗಳಲ್ಲಿ ಕೆಲವು ಎರಡು ದಿನಗಳಿಗೆ ಹರಡಿದ್ದ ಪಂದ್ಯಗಳು.

1946–47ರ ಮೊದಲ ಪ್ರಶಸ್ತಿ

1946–47ರ ಸಂತೋಷ್ ಟ್ರೋಫಿ ಬೆಂಗಳೂರಿನಲ್ಲಿ ನಡೆಯಿತು. ಹಿಂದಿನ ಋತುವಿನ ವಿಜೇತ ಬಂಗಾಳದ ಎದುರು ಮೈಸೂರು ತಂಡವು ಮೊದಲ ಅಂತಿಮ ಪಂದ್ಯದಲ್ಲಿ ಗೋಲಿಲ್ಲದ ಸಮಬಲ ಸಾಧಿಸಿತು. ಮರುಪಂದ್ಯದಲ್ಲಿ 2–1ರಿಂದ ಗೆದ್ದು ಮೊದಲ ಬಾರಿ ರಾಷ್ಟ್ರೀಯ ಚಾಂಪಿಯನ್ ಆಯಿತು.

ಈ ಗೆಲುವಿಗೆ ರಾಜಕೀಯ ಭೂಪಟದ ಒಂದು ವಿಶೇಷವೂ ಸೇರಿದೆ. ಆಗ ಬೆಂಗಳೂರು ಎರಡು ಆಡಳಿತಗಳಲ್ಲಿ ಹಂಚಿಹೋಗಿತ್ತು. ಪೇಟೆಯ ಭಾಗ ಮೈಸೂರು ಸಂಸ್ಥಾನಕ್ಕೆ ಸೇರಿದ್ದರೆ, ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎನಿಸಿಕೊಂಡಿದ್ದ ದಂಡು ಪ್ರದೇಶವು ಬ್ರಿಟಿಷ್ ರೆಸಿಡೆಂಟರ ಅಧೀನದಲ್ಲಿತ್ತು. ಅದು ಮೈಸೂರಿಗೆ ಮರಳಿದ್ದು 1947ರ ಜುಲೈ 26ರಂದು. ಹೀಗಾಗಿ ನಗರದ ಫುಟ್‌ಬಾಲ್ ಯಾವ ಬೀದಿಗಳಲ್ಲಿ ಬೆಳೆದಿತ್ತೋ ಆ ಬೀದಿಗಳು ಮೈಸೂರಿನ ಆಡಳಿತಕ್ಕೆ ಒಳಪಡುವ ಮೊದಲೇ ಅಲ್ಲಿನ ಆಟ ಮೈಸೂರಿನ ಹೆಸರಿಗೆ ಟ್ರೋಫಿ ತಂದುಕೊಟ್ಟಿತು.

ಲಂಡನ್ ಒಲಿಂಪಿಕ್ಸ್ ಮತ್ತು ಬೆಂಗಳೂರಿನ ಆಟಗಾರರು

ಸ್ವತಂತ್ರ ಭಾರತದ ತಂಡವು ಮೊದಲ ಬಾರಿಗೆ ಒಲಿಂಪಿಕ್ ಫುಟ್‌ಬಾಲ್ ಆಡಿದ್ದು 1948ರ ಲಂಡನ್ ಕ್ರೀಡಾಕೂಟದಲ್ಲಿ. ಸಾರಂಗಪಾಣಿ ರಾಮನ್, ಅಹ್ಮದ್ ಖಾನ್, ಕೆ.ಪಿ. ಧನರಾಜ್, ಬಿ.ಎನ್. ವಜ್ರವೇಲು ಮತ್ತು ಸತ್ತಾರ್ ಬಶೀರ್ ಆ ತಂಡದಲ್ಲಿದ್ದ ಬೆಂಗಳೂರಿನ ಆಟಗಾರರು.

ಜುಲೈ 31ರಂದು ಲಂಡನ್ ಬಳಿಯ ಇಲ್‌ಫರ್ಡ್‌ನಲ್ಲಿ ಭಾರತ ಫ್ರಾನ್ಸನ್ನು ಎದುರಿಸಿತು. ಭಾರತದ ಬಹುತೇಕ ಆಟಗಾರರು ಬೂಟು ಧರಿಸದೆ ಆಡಿದರು. ಮೊದಲಾರ್ಧದಲ್ಲಿ ಫ್ರಾನ್ಸ್ ಮುನ್ನಡೆ ಪಡೆಯಿತು. ಭಾರತಕ್ಕೆ ದೊರೆತ ಎರಡು ಪೆನಾಲ್ಟಿ ಅವಕಾಶಗಳು ವ್ಯರ್ಥವಾದವು. 70ನೆಯ ನಿಮಿಷದಲ್ಲಿ ರಾಮನ್ ಗೋಲು ಹೊಡೆದು ಸಮಬಲ ತಂದರು. ಅದು ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಫುಟ್‌ಬಾಲ್ ಗೋಲು. ಪಂದ್ಯ ಮುಗಿಯಲು ಇನ್ನೇನು ಕ್ಷಣಗಳಿವೆ ಎನ್ನುವಾಗ ಫ್ರಾನ್ಸ್ ಎರಡನೆಯ ಗೋಲು ಗಳಿಸಿ 2–1ರಿಂದ ಗೆದ್ದಿತು. ಪಂದ್ಯ ಸೋತರೂ ಬೆಂಗಳೂರಿನಲ್ಲಿ ಉಳಿದಿರುವ ನೆನಪು ರಾಮನ್ ಅವರ ಗೋಲಿನದು.

ನಾಲ್ಕು ವರ್ಷಗಳ ನಂತರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದ ಎದುರು ಭಾರತ 1–10ರಿಂದ ಸೋತಾಗ ಭಾರತದ ಏಕೈಕ ಗೋಲನ್ನು ಹೊಡೆದವರು ಅಹ್ಮದ್ ಖಾನ್.

ಕಲ್ಕತ್ತೆಯ ಸೆಳೆತ

ಬೆಂಗಳೂರಿನ ಉತ್ತಮ ಆಟಗಾರರನ್ನು ಕಲ್ಕತ್ತೆಯ ಕ್ಲಬ್‌ಗಳು ಬೇಗನೆ ಗುರುತಿಸುತ್ತಿದ್ದವು. ಅಲ್ಲಿ ಹೆಚ್ಚು ಪ್ರೇಕ್ಷಕರು, ಹೆಚ್ಚು ಪ್ರತಿಷ್ಠೆ ಮತ್ತು ಜೀವನೋಪಾಯದ ಭರವಸೆ ದೊರೆಯುತ್ತಿತ್ತು. ಈಸ್ಟ್ ಬೆಂಗಾಲ್ ಕ್ಲಬ್‌ನ ಮುಂಪಡೆಯಲ್ಲಿ ಆಡಿ ಪಂಚಪಾಂಡವರು ಎಂದು ಹೆಸರಾದ ಐವರಲ್ಲಿ ಅಹ್ಮದ್ ಖಾನ್ ಮತ್ತು ಧನರಾಜ್ ಇಬ್ಬರು ಬೆಂಗಳೂರಿನವರು. ವೆಂಕಟೇಶ್, ಅಪ್ಪಾರಾವ್ ಮತ್ತು ಸಾಲೆ ಉಳಿದ ಮೂವರು.

ಈ ವಲಸೆಯು ಮೈಸೂರು ತಂಡದ ಸ್ಥಿತಿಯನ್ನು ಅರಿಯಲು ಮುಖ್ಯವಾದುದು. ತನ್ನ ನೆಲದ ಪ್ರತಿಭೆಯ ಒಂದು ಪಾಲನ್ನು ಕಲ್ಕತ್ತೆಗೆ ಕಳುಹಿಸಿ, ಅದೇ ಕಲ್ಕತ್ತೆಯ ಕ್ಲಬ್‌ಗಳಿಂದ ಆಯ್ದ ಬಂಗಾಳ ತಂಡವನ್ನು ಅದು ಅಂತಿಮ ಪಂದ್ಯಗಳಲ್ಲಿ ಎದುರಿಸಬೇಕಾಗಿತ್ತು. ಒಂದು ತಲೆಮಾರು ಹೊರಟುಹೋದ ಮೇಲೆ ಅದೇ ಬೀದಿಗಳಿಂದ ಮತ್ತೊಂದು ತಲೆಮಾರು ಸಿದ್ಧವಾಗುವವರೆಗೆ ಕಾಯುವುದು ತಂಡಕ್ಕೆ ಅನಿವಾರ್ಯವಾಗಿತ್ತು. ಪ್ರಶಸ್ತಿಗಳ ನಡುವಿನ ದೀರ್ಘ ಅಂತರಗಳಿಗೆ ಇದು ಒಂದು ಕಾರಣ.

ಈ ಸೆಳೆತ ಮುಂದಿನ ದಶಕಗಳಲ್ಲಿಯೂ ಮುಂದುವರಿಯಿತು. 1971ರಲ್ಲಿ ಬೆಂಗಳೂರಿನಲ್ಲಿ ಜನಿಸಿದ, ಆಸ್ಟಿನ್ ಟೌನಿನ ಕಾರ್ಲ್‌ಟನ್ ಚಾಪ್‌ಮನ್ ಹೆಸರು ಗಳಿಸಿದ್ದು ಈಸ್ಟ್ ಬೆಂಗಾಲ್ ಮತ್ತು ಪಂಜಾಬಿನ ಜೆಸಿಟಿ ತಂಡಗಳಲ್ಲಿ. 1993ರಲ್ಲಿ ಇರಾಕಿನ ಅಲ್ ಜವ್ರಾ ವಿರುದ್ಧ ಈಸ್ಟ್ ಬೆಂಗಾಲ್ 6–2ರಿಂದ ಗೆದ್ದ ಪಂದ್ಯದಲ್ಲಿ ಅವರು ಮೂರು ಗೋಲು ಹೊಡೆದರು. 2000–01ರಲ್ಲಿ ಅವರ ನಾಯಕತ್ವದಲ್ಲಿ ಆ ಕ್ಲಬ್ ರಾಷ್ಟ್ರೀಯ ಲೀಗ್ ಗೆದ್ದಿತು. ಅವರು 2020ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

1952ರಿಂದ 1969ರವರೆಗೆ

1949ರಿಂದ ಸತತ ಮೂರು ಬಾರಿ ಗೆದ್ದಿದ್ದ ಬಂಗಾಳದ ಓಟವನ್ನು ಮೈಸೂರು ತಂಡವು 1952–53ರಲ್ಲಿ ಬೆಂಗಳೂರಿನಲ್ಲಿ 1–0ರಿಂದ ತಡೆಯಿತು. ಮುಂದಿನ ವರ್ಷ ಕಲ್ಕತ್ತೆಯಲ್ಲಿ ನಡೆದ ಅಂತಿಮ ಪಂದ್ಯ ಗೋಲಿಲ್ಲದೆ ಮುಗಿದಾಗ ಮರುಪಂದ್ಯವು ಈ ಬಾರಿ ಮೈಸೂರಿಗೆ ಒಲಿಯಲಿಲ್ಲ. ಬಂಗಾಳ 3–1ರಿಂದ ಗೆದ್ದಿತು. 1955ರಲ್ಲಿ ಎರ್ನಾಕುಲಂನಲ್ಲಿಯೂ, 1962–63ರಲ್ಲಿ ತವರಿನ ಬೆಂಗಳೂರಿನಲ್ಲಿಯೂ ಅದೇ ಎದುರಾಳಿಗೆ ಮೈಸೂರು ಮಣಿಯಿತು.

ಸತತ ಮೂರು ಅಂತಿಮ ಪಂದ್ಯಗಳಲ್ಲಿ ಬಂಗಾಳಕ್ಕೆ ಸೋತಿದ್ದ ತಂಡವು 1967–68ರಲ್ಲಿ ಕಟಕ್‌ನಲ್ಲಿ ಅದೇ ಬಂಗಾಳವನ್ನು 1–0ರಿಂದ ಸೋಲಿಸಿತು. ಬೆಂಗಳೂರಿನ ಹೊರಗೆ ದೊರೆತ ಮೊದಲ ಪ್ರಶಸ್ತಿ ಇದಾದುದರಿಂದ ತವರು ಮೈದಾನದ ಅನುಕೂಲದಿಂದಷ್ಟೇ ಮೈಸೂರು ಗೆಲ್ಲುತ್ತದೆ ಎಂಬ ಮಾತಿಗೆ ಅವಕಾಶವಿಲ್ಲದಂತಾಯಿತು. ಮರುವರ್ಷ ಬೆಂಗಳೂರಿನಲ್ಲಿ ಎರಡೂ ತಂಡಗಳು ಮತ್ತೆ ಎದುರಾದವು. ಮೊದಲ ಪಂದ್ಯ 0–0 ಆಗಿ, ಮರುಪಂದ್ಯದಲ್ಲಿ ಮೈಸೂರು 1–0ರಿಂದ ಗೆದ್ದಿತು. ಸತತ ಎರಡು ವರ್ಷ ಪ್ರಶಸ್ತಿ ಗಳಿಸಿದ ಏಕೈಕ ಅವಧಿ ಇದು.

ಆಗ ಇದೇ ಕೊನೆಯ ಗೆಲುವು ಎಂದು ಭಾವಿಸಲು ಕಾರಣವಿರಲಿಲ್ಲ. 1970–71ರಲ್ಲಿ ಜಲಂಧರ್‌ನಲ್ಲಿ ಪಂಜಾಬ್ ವಿರುದ್ಧವೂ, ಕರ್ನಾಟಕ ಎಂಬ ಹೊಸ ಹೆಸರಿನಲ್ಲಿ 1975–76ರಲ್ಲಿ ಕೋಳಿಕ್ಕೋಡ್‌ನಲ್ಲಿ ಬಂಗಾಳದ ವಿರುದ್ಧವೂ ತಂಡವು ಅಂತಿಮ ಪಂದ್ಯ ಆಡಿತು. ಎರಡೂ ಸಲ ಮೊದಲ ದಿನ ಸಮಬಲವಾಗಿ, ಮರುಪಂದ್ಯದಲ್ಲಿ 3–1ರಿಂದ ಸೋತಿತು. ಎರಡು ಪ್ರಶಸ್ತಿಗಳನ್ನು ಕೊಟ್ಟಿದ್ದ ಮರುಪಂದ್ಯದ ನಿಯಮವೇ ಮೂರು ಪ್ರಶಸ್ತಿಗಳನ್ನು ಕೈತಪ್ಪಿಸಿತು.

ಕಾರ್ಖಾನೆ ತಂಡಗಳ ಕಾಲ

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬೆಂಗಳೂರಿನ ಪೂರ್ವದಲ್ಲಿ ದೊಡ್ಡ ಸಾರ್ವಜನಿಕ ಉದ್ದಿಮೆಗಳು ನೆಲೆಗೊಂಡವು. 1940ರಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಆರಂಭವಾಯಿತು. ಅದೇ ಮುಂದೆ ಎಚ್‌ಎಎಲ್ ಆಯಿತು. 1948ರಲ್ಲಿ ಕೆ.ಆರ್. ಪುರದ ಸಮೀಪ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪನೆಯಾಗಿ, ಅದರ ಸುತ್ತ ದೂರವಾಣಿನಗರ ಬೆಳೆಯಿತು. ಈ ಸಂಸ್ಥೆಗಳು ಕ್ರೀಡಾಪಟುಗಳಿಗೆ ನೌಕರಿ ನೀಡಿ ಸ್ವಂತ ತಂಡಗಳನ್ನು ಕಟ್ಟಿದವು. ರೇಡಾರ್ ಸಂಶೋಧನಾ ಸಂಸ್ಥೆಯಾದ ಎಲ್‌ಆರ್‌ಡಿಇ ಸಹ ಲೀಗ್‌ನಲ್ಲಿ ತಂಡವನ್ನು ಹೊಂದಿತ್ತು.

ದಂಡಿನ ಕುಟುಂಬಗಳ ಯುವಕರಿಗೆ ಇದರಿಂದ ಹೊಸ ದಾರಿ ತೆರೆಯಿತು. ಚೆನ್ನಾಗಿ ಆಡುವವನಿಗೆ ಕಲ್ಕತ್ತೆಗೆ ಹೋಗದೆಯೂ ಖಾಯಂ ಸಂಬಳ, ವಸತಿ ಮತ್ತು ನಿವೃತ್ತಿಯ ಭದ್ರತೆ ದೊರೆಯುತ್ತಿತ್ತು. ರಾಜ್ಯ ತಂಡಕ್ಕೆ ಆಟಗಾರರು ಈ ತಂಡಗಳಿಂದ ಬರುತ್ತಿದ್ದರು. ಕ್ರೀಡಾ ನೇಮಕಾತಿ ಕಡಿಮೆಯಾದಂತೆ ಈ ವ್ಯವಸ್ಥೆಯೂ ಕುಗ್ಗಿತು. ಎಚ್‌ಎಎಲ್ ತಂಡವು 2010–11 ಮತ್ತು 2011–12ರಲ್ಲಿ ಐ-ಲೀಗ್‌ನ ಮೇಲಿನ ಹಂತದಲ್ಲಿ ಆಡಿ ಹಿಂಬಡ್ತಿ ಪಡೆಯಿತು. 1996ರಲ್ಲಿ ರಾಷ್ಟ್ರೀಯ ಲೀಗ್ ಆರಂಭವಾದ ನಂತರ ಸಂತೋಷ್ ಟ್ರೋಫಿಯ ಮಹತ್ವವೂ ಹಿಂದಿನಂತೆ ಉಳಿಯಲಿಲ್ಲ. ಪ್ರಮುಖ ಕ್ಲಬ್‌ಗಳ ಆಟಗಾರರು ರಾಜ್ಯ ತಂಡಗಳಿಗೆ ದೊರೆಯುವುದು ವಿರಳವಾಯಿತು.

2022: ಮಂಜೇರಿಯ ಸೋಲು

2022ರ ಏಪ್ರಿಲ್‌ನಲ್ಲಿ ಕೇರಳದ ಮಂಜೇರಿಯಲ್ಲಿ ನಡೆದ ಸೆಮಿಫೈನಲ್‌ನಲ್ಲಿ ಕರ್ನಾಟಕವು ಆತಿಥೇಯ ಕೇರಳದ ವಿರುದ್ಧ ಮೊದಲ ಗೋಲು ಗಳಿಸಿತ್ತು. ಬದಲಿ ಆಟಗಾರನಾಗಿ ಮೈದಾನಕ್ಕಿಳಿದ ಕೇರಳದ ಟಿ.ಕೆ. ಜೆಸಿನ್ ಒಬ್ಬರೇ ಐದು ಗೋಲು ಹೊಡೆದರು. ಕೇರಳ 7–3ರಿಂದ ಗೆದ್ದು, ಬಳಿಕ ಪ್ರಶಸ್ತಿಯನ್ನೂ ಪಡೆಯಿತು. ಅಂತಿಮ ಪಂದ್ಯದ ಹೊಸ್ತಿಲಲ್ಲಿ ಏಳು ಗೋಲು ಬಿಟ್ಟುಕೊಟ್ಟ ಈ ಸೋಲು ಮುಂದಿನ ವರ್ಷದ ಗೆಲುವಿನ ಹಿನ್ನೆಲೆಯಾಗಿದೆ.

2023: ರಿಯಾದ್‌ನ ಗೆಲುವು

2022–23ರ ಅಂತಿಮ ಸುತ್ತಿನ ಗುಂಪು ಪಂದ್ಯಗಳು ಭುವನೇಶ್ವರದಲ್ಲಿ ನಡೆದವು. ಅಲ್ಲಿ ಕರ್ನಾಟಕವು ಹಾಲಿ ಚಾಂಪಿಯನ್ ಕೇರಳವನ್ನು 1–0ರಿಂದ ಸೋಲಿಸಿತು. ಸೆಮಿಫೈನಲ್ ಮತ್ತು ಅಂತಿಮ ಪಂದ್ಯಗಳನ್ನು ಸೌದಿ ಅರೇಬಿಯದ ರಿಯಾದ್‌ನಲ್ಲಿರುವ ಕಿಂಗ್ ಫಹದ್ ಕ್ರೀಡಾಂಗಣದಲ್ಲಿ ಆಡಲಾಯಿತು. ಈ ಟ್ರೋಫಿಯ ಪಂದ್ಯಗಳು ಭಾರತದ ಹೊರಗೆ ನಡೆದದ್ದು ಅದೇ ಮೊದಲು. ತಂಡದ ತರಬೇತುದಾರರು ರವಿಬಾಬು ರಾಜು.

ಮಾರ್ಚ್ 1ರ ಸೆಮಿಫೈನಲ್‌ನಲ್ಲಿ ಎದುರಾಳಿ ಸೇನಾಪಡೆಗಳ ಸರ್ವಿಸಸ್ ತಂಡ. ಮೊದಲಾರ್ಧದ ಕೊನೆಯ ಭಾಗದಲ್ಲಿ ಸರ್ವಿಸಸ್ ಮುನ್ನಡೆ ಪಡೆಯಿತು. ಕೆಲವೇ ನಿಮಿಷಗಳಲ್ಲಿ ರಾಬಿನ್ ಯಾದವ್ ಫ್ರೀ ಕಿಕ್ ಮೂಲಕ ಸಮಬಲ ತಂದರು. ವಿರಾಮಕ್ಕೆ ಮುನ್ನವೇ ಪಿ. ಅಂಕಿತ್ ಎರಡನೆಯ ಗೋಲು ಹೊಡೆದರು. ದ್ವಿತೀಯಾರ್ಧದಲ್ಲಿ ಎಂ. ಸುನಿಲ್ ಕುಮಾರ್ ಮೂರನೆಯ ಗೋಲು ಸೇರಿಸಿದರು. ಹಿನ್ನಡೆಯಿಂದ ಚೇತರಿಸಿಕೊಂಡ ಕರ್ನಾಟಕ 3–1ರಿಂದ ಗೆದ್ದು 1975–76ರ ನಂತರ ಮೊದಲ ಬಾರಿ ಅಂತಿಮ ಪಂದ್ಯ ತಲುಪಿತು.

ಮಾರ್ಚ್ 4ರ ಅಂತಿಮ ಪಂದ್ಯದಲ್ಲಿ ಮೇಘಾಲಯದ ವಿರುದ್ಧ ಸುನಿಲ್ ಕುಮಾರ್ ಆರಂಭದಲ್ಲಿಯೇ ಗೋಲು ಗಳಿಸಿದರು. ಮೇಘಾಲಯ ಪೆನಾಲ್ಟಿಯಿಂದ ಸಮಬಲ ಸಾಧಿಸಿತು. ಬೇಕಿ ಓರಮ್ ಮತ್ತೆ ಮುನ್ನಡೆ ತಂದುಕೊಟ್ಟರು. ವಿರಾಮದ ಹೊತ್ತಿಗೆ ರಾಬಿನ್ ಯಾದವ್ ಅವರ ಮತ್ತೊಂದು ಫ್ರೀ ಕಿಕ್ ಗೋಲು ಅಂತರವನ್ನು 3–1ಕ್ಕೆ ಏರಿಸಿತು. ದ್ವಿತೀಯಾರ್ಧದಲ್ಲಿ ಮೇಘಾಲಯ ಒಂದು ಗೋಲು ಹಿಂದಿರುಗಿಸಿತಾದರೂ ಕರ್ನಾಟಕ 3–2ರ ಮುನ್ನಡೆಯನ್ನು ಕೊನೆಯವರೆಗೆ ಕಾಪಾಡಿಕೊಂಡಿತು. 54 ವರ್ಷಗಳ ನಂತರ ಟ್ರೋಫಿ ರಾಜ್ಯಕ್ಕೆ ಮರಳಿತು. 1969ರ ಗೆಲುವನ್ನು ಬಾಲ್ಯದಲ್ಲಿ ಕಂಡವರು ಆ ವೇಳೆಗೆ ಅರವತ್ತು ದಾಟಿದ್ದರು.

ಅಂತಿಮ ಪಂದ್ಯಗಳು

| ವರ್ಷ | ಸ್ಥಳ | ಎದುರಾಳಿ | ಫಲಿತಾಂಶ |
|---|---|---|---|
| 1946–47 | ಬೆಂಗಳೂರು | ಬಂಗಾಳ | 0–0, ಮರುಪಂದ್ಯ 2–1 ಗೆಲುವು |
| 1952–53 | ಬೆಂಗಳೂರು | ಬಂಗಾಳ | 1–0 ಗೆಲುವು |
| 1953–54 | ಕಲ್ಕತ್ತ | ಬಂಗಾಳ | 0–0, ಮರುಪಂದ್ಯ 1–3 ಸೋಲು |
| 1955–56 | ಎರ್ನಾಕುಲಂ | ಬಂಗಾಳ | 0–1 ಸೋಲು |
| 1962–63 | ಬೆಂಗಳೂರು | ಬಂಗಾಳ | 0–2 ಸೋಲು |
| 1967–68 | ಕಟಕ್ | ಬಂಗಾಳ | 1–0 ಗೆಲುವು |
| 1968–69 | ಬೆಂಗಳೂರು | ಬಂಗಾಳ | 0–0, ಮರುಪಂದ್ಯ 1–0 ಗೆಲುವು |
| 1970–71 | ಜಲಂಧರ್ | ಪಂಜಾಬ್ | 1–1, ಮರುಪಂದ್ಯ 1–3 ಸೋಲು |
| 1975–76 | ಕೋಳಿಕ್ಕೋಡ್ | ಬಂಗಾಳ | 0–0, ಮರುಪಂದ್ಯ 1–3 ಸೋಲು |
| 2022–23 | ರಿಯಾದ್ | ಮೇಘಾಲಯ | 3–2 ಗೆಲುವು |

ಅಭಿಮಾನಿಗಳ ನೆನಪು

ರಾಜ್ಯ ತಂಡಕ್ಕೆ ಖಾಯಂ ಆಟಗಾರರ ಪಡೆ ಇರುವುದಿಲ್ಲ. ಪ್ರತಿ ಋತುವಿನಲ್ಲಿ ವಿವಿಧ ಕ್ಲಬ್‌ಗಳಿಂದ ಆಟಗಾರರನ್ನು ಆಯ್ದು, ಪಂದ್ಯಾವಳಿ ಮುಗಿದೊಡನೆ ತಂಡವನ್ನು ವಿಸರ್ಜಿಸಲಾಗುತ್ತದೆ. ಆದ್ದರಿಂದ 1946ರ ಮೈಸೂರು ತಂಡಕ್ಕೂ 2023ರ ಕರ್ನಾಟಕ ತಂಡಕ್ಕೂ ನಡುವಿನ ನಿರಂತರತೆಯನ್ನು ಕಾಯ್ದುಕೊಂಡಿರುವುದು ಬಹುಮಟ್ಟಿಗೆ ಪ್ರೇಕ್ಷಕರೇ. ಹಳೆಯ ಅಂತಿಮ ಪಂದ್ಯಗಳು ದೂರದರ್ಶನದ ನೇರ ಪ್ರಸಾರಕ್ಕೆ ಮುಂಚಿನವು. ದಾಖಲೆಯ ಪುಸ್ತಕದಲ್ಲಿ ಅಂಕಿಗಳಾಗಿ ಉಳಿದ ಪಂದ್ಯಗಳ ಉಳಿದ ವಿವರಗಳು ತಂದೆಯಿಂದ ಮಗನಿಗೆ, ಹಿರಿಯ ಆಟಗಾರನಿಂದ ಕಿರಿಯನಿಗೆ ಮಾತಿನ ಮೂಲಕ ದಾಟಿಬಂದಿವೆ.

ಈ ನೆನಪುಗಳ ಸಾರ್ವಜನಿಕ ಗುರುತುಗಳನ್ನು ಹಲಸೂರಿನ ಸಮೀಪದ ಗೌತಮಪುರದಲ್ಲಿ ಕಾಣಬಹುದು. ಹಿಂದೆ ಗನ್ ಟ್ರೂಪ್ಸ್ ಎಂದು ಕರೆಯಲಾಗುತ್ತಿದ್ದ ಈ ಬಡಾವಣೆಗೆ ಮಿನಿ ಬ್ರೆಜಿಲ್ ಎಂಬ ಅಡ್ಡಹೆಸರಿದೆ. ಇಲ್ಲಿ ಬುದ್ಧ, ಬಿ.ಆರ್. ಅಂಬೇಡ್ಕರ್ ಮತ್ತು ಮದರ್ ತೆರೇಸಾ ಅವರ ಪ್ರತಿಮೆಗಳ ಜೊತೆಯಲ್ಲಿಯೇ ಬ್ರೆಜಿಲ್‌ನ ಆಟಗಾರ ಪೆಲೆ ಅವರ ಪ್ರತಿಮೆಯನ್ನೂ ಸ್ಥಾಪಿಸಲಾಗಿದೆ. 2022ರ ಡಿಸೆಂಬರ್‌ನಲ್ಲಿ ಪೆಲೆ ನಿಧನರಾದಾಗ ಇಲ್ಲಿನ ನಿವಾಸಿಗಳು ಅದರ ಮುಂದೆ ಗೌರವ ಸಲ್ಲಿಸಿದರು. ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣವು ಇಂತಹ ಇನ್ನೊಂದು ಕೇಂದ್ರ. ನಗರದ ಲೀಗ್ ಪಂದ್ಯಗಳ ತಾಣವಾದ ಇಲ್ಲಿ ಹಳೆಯ ಆಟಗಾರರೂ ಅಭಿಮಾನಿಗಳೂ ಸೇರುತ್ತಾರೆ.

ನೆನಪು ಮತ್ತು ದಾಖಲೆಗಳ ನಡುವೆ ಒಂದು ವ್ಯತ್ಯಾಸವಿದೆ. ಹಿರಿಯ ಅಭಿಮಾನಿಗಳ ಮಾತಿನಲ್ಲಿ ಮೈಸೂರು ಎಂದರೆ ಬಂಗಾಳವನ್ನು ಮಣಿಸಿದ ತಂಡ. ದಾಖಲೆಯ ಪ್ರಕಾರ ಹತ್ತು ಅಂತಿಮ ಪಂದ್ಯಗಳಲ್ಲಿ ಐದು ಗೆಲುವು, ಐದು ಸೋಲು. ಬಂಗಾಳದ ವಿರುದ್ಧವೇ ಲೆಕ್ಕ ಹಾಕಿದರೆ ನಾಲ್ಕು ಗೆಲುವು, ನಾಲ್ಕು ಸೋಲು. ಆದರೆ ತನ್ನ ಉತ್ತಮ ಆಟಗಾರರನ್ನು ಆಗಾಗ್ಗೆ ಕಳೆದುಕೊಳ್ಳುತ್ತಿದ್ದ ತಂಡವು ದೇಶದ ಅತ್ಯಂತ ಬಲಿಷ್ಠ ಎದುರಾಳಿಯೊಂದಿಗೆ ಸರಿಸಮನಾಗಿ ನಿಂತಿತ್ತು ಎಂಬುದನ್ನು ಇದೇ ಅಂಕಿಗಳು ತೋರಿಸುತ್ತವೆ. ಪ್ರತಿ ಸೋಲಿನ ಬಳಿಕವೂ ಅಂತಿಮ ಪಂದ್ಯಕ್ಕೆ ಹಿಂದಿರುಗಿದುದೇ ಈ ನೆನಪಿನ ಆಧಾರ.

ಬೆಂಗಳೂರು ಎಫ್‌ಸಿ

2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್‌ಸಿ ಖಾಸಗಿ ವೃತ್ತಿಪರ ಕ್ಲಬ್ ಆಗಿದ್ದು ರಾಜ್ಯ ತಂಡಕ್ಕಿಂತ ಭಿನ್ನವಾದುದು. ಆದರೆ ಅದು ಮೊದಲ ಋತುವನ್ನು ಅಶೋಕನಗರದ ಕ್ರೀಡಾಂಗಣದಲ್ಲಿಯೇ ಆಡಿ ಐ-ಲೀಗ್ ಗೆದ್ದಿತು. ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿ ಬಳಗ ಆ ಕಾಲದಲ್ಲಿಯೇ ರೂಪುಗೊಂಡಿತು. ಮರುವರ್ಷ ಕ್ಲಬ್ ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಸ್ಥಳಾಂತರವಾಯಿತು.

ಹೊಸ ತಲೆಮಾರಿನ ಅಭಿಮಾನಿಗಳಿಗೂ ಇಂತಹ ತಿರುವುಗಳ ನೆನಪುಗಳಿವೆ. 2015ರ ಮೇ 31ರಂದು ಲೀಗ್ ಪ್ರಶಸ್ತಿಗೆ ಗೆಲುವು ಅಗತ್ಯವಾಗಿದ್ದ ಪಂದ್ಯದಲ್ಲಿ ಬೆಂಗಳೂರು ಮುನ್ನಡೆಯಲ್ಲಿತ್ತು. ಕೊನೆಯ ನಿಮಿಷಗಳಲ್ಲಿ ಮೋಹನ್ ಬಾಗಾನ್‌ನ ಬೆಲ್ಲೊ ರಜಾಕ್ ಹೊಡೆದ ಗೋಲು ಪ್ರಶಸ್ತಿಯನ್ನು ಮತ್ತೆ ಕೋಲ್ಕತ್ತಕ್ಕೆ ಒಯ್ದಿತು. 2016ರ ಅಕ್ಟೋಬರ್ 19ರಂದು ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೆಯ ಪಂದ್ಯದಲ್ಲಿ ಹಾಲಿ ಚಾಂಪಿಯನ್ ಮಲೇಷ್ಯದ ಜೊಹೊರ್ ತಂಡ ಮೊದಲು ಗೋಲು ಗಳಿಸಿತು. ಸುನಿಲ್ ಛೆಟ್ರಿ ಅವರ ಎರಡು ಮತ್ತು ಹುವಾನನ್ ಅವರ ಒಂದು ಗೋಲಿನಿಂದ ಬೆಂಗಳೂರು 3–1ರಿಂದ ಗೆದ್ದು, ಆ ಕಪ್‌ನ ಅಂತಿಮ ಪಂದ್ಯ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ದೋಹಾದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಇರಾಕಿನ ವಾಯುಪಡೆ ತಂಡಕ್ಕೆ 0–1ರಿಂದ ಸೋತಿತು.